ಕಾವೇರಿ–ಕಪಿಲೆಯ ದಡದಲ್ಲಿ ನಮ್ಮ ಮೂರು ದಿನ

ಕ್ಯಾಂಪಿನ ಊಟದ ಹಾಲ್‌ನಲ್ಲಿ ಒಂದು ರಾತ್ರಿ ನಮ್ಮ ಜೊತೆ ಕೆಲಸ ಮಾಡುವ ಪೇಶಾವರದ ಗೆಳೆಯನೊಬ್ಬ ಮೊಬೈಲಿನಲ್ಲಿ ಕರಿಚಿರತೆಯ ವಿಡಿಯೋ ತೋರಿಸಿದ. "ಇದು ಕಬಿನಿ ಕಾಡಂತೆ, ನಿಮ್ಮ ಕರ್ನಾಟಕದ್ದೇ. ನೀವು ನೋಡಿದ್ದೀರಾ?" ಅಂತ ಕೇಳಿದ. ನಾವಿಬ್ಬರೂ ಮಳವಳ್ಳಿ ತಾಲ್ಲೂಕಿನವರು. ಕಬಿನಿ ನಮ್ಮೂರಿಂದ ಅರ್ಧ ದಿನದ ದಾರಿ. ಆದರೂ ಮುಖ ಮುಖ ನೋಡಿಕೊಂಡೆವೇ ಹೊರತು ಉತ್ತರ ಹೇಳಲಾಗಲಿಲ್ಲ. ಶಾರ್ಜಾ, ದುಬೈ, ಅಬುಧಾಬಿ ಎಲ್ಲ ಸುತ್ತಿದ್ದೇವೆ. ರಂಗನತಿಟ್ಟಿನ ಒಂದು ಹಕ್ಕಿ ನೋಡಿಲ್ಲ!

ಈ ಸಲ ರಜೆಗೆ ಹೋಗುವಾಗ ಅದಕ್ಕೇ ಒಂದು ತೀರ್ಮಾನ ಮಾಡಿಕೊಂಡೆವು. ಇಬ್ಬರ ರಜೆಯೂ ಏಪ್ರಿಲ್ ಕೊನೆಗೆ ಒಟ್ಟಿಗೆ ಸಿಕ್ಕಿತ್ತು. 30 ದಿನದಲ್ಲಿ ಮೂರೇ ಮೂರು ದಿನ ಎತ್ತಿಟ್ಟು, ಎರಡೂ ಮನೆಯವರನ್ನು ಒಂದು ಟಿಟಿ ಗಾಡಿಯಲ್ಲಿ ಕೂರಿಸಿಕೊಂಡು ಕಾವೇರಿ, ಕಪಿಲಾ ದಡ ಸುತ್ತಿ ಬರುವುದು. ಮಕ್ಕಳು ಮರಿ ಸೇರಿ ಹನ್ನೊಂದು ಜನ.

ಇದರಲ್ಲಿ ಒಂದು ಬಾಕಿ ಲೆಕ್ಕವೂ ಇತ್ತು. 2020ರಲ್ಲಿ ವಿಮಾನ ನಿಂತು, ಕೆಲಸವೂ ನಿಂತು, ನಾವು ತಿಂಗಳುಗಟ್ಟಲೆ ರೂಮಿನಲ್ಲೇ ಕೂತಿದ್ದು ನಿಮಗೆಲ್ಲ ನೆನಪಿದೆ. ಆಗ ನಮ್ಮಲ್ಲೊಬ್ಬರ ಅಮ್ಮ ನಂಜನಗೂಡಿನ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರು. ಮಗ ಕ್ಷೇಮವಾಗಿ ಮನೆಗೆ ಬಂದರೆ ಅವನ ಕೈಲಿ ಮುಡಿ ಕೊಡಿಸುತ್ತೇನೆ ಅಂತ. ಆಮೇಲೆ ಎರಡು ಸಲ ಊರಿಗೆ ಹೋಗಿದ್ದಾಯಿತು. ಒಂದು ಸಲ ತಂಗಿ ಮದುವೆ, ಇನ್ನೊಂದು ಸಲ ಅಪ್ಪನ ಆಸ್ಪತ್ರೆ. ಹರಕೆ ಹಾಗೇ ಉಳಿದಿತ್ತು. ಫೋನ್ ಮಾಡಿದಾಗಲೆಲ್ಲ ಅಮ್ಮ ಮಾತಿನ ಕೊನೆಗೆ, "ದೇವ್ರ ಸಾಲ ಮಡೀಕ್ಕಬಾರ್ದು ಮಗ" ಅನ್ನುತ್ತಿದ್ದರು.

ಮೊದಲ ದಿನ: ಮರಳಿನೊಳಗಿನ ಗುಡಿಗಳು

ಬೆಳಿಗ್ಗೆ ಶಿವನಸಮುದ್ರದಿಂದ ಶುರು ಮಾಡಿದೆವು. ಕಾವೇರಿ ಇಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿ ಅಂತ ಬೀಳುತ್ತಾಳೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು. ಬೆಂಗಳೂರಿನ ಬೀದಿ ದೀಪಕ್ಕೆ ಬಂದದ್ದು 1905ರಲ್ಲಿ. ಎಲೆಕ್ಟ್ರಿಕಲ್ ಕೆಲಸ ಮಾಡುವ ನಮಗೆ ಇದು ಒಂಥರಾ ನಮ್ಮ ಕಸುಬಿನ ಕ್ಷೇತ್ರವೇ. ಏಪ್ರಿಲ್ ಆದ್ದರಿಂದ ನೀರು ಕಡಿಮೆ ಇತ್ತು, ಬಂಡೆಗಳೇ ಹೆಚ್ಚು ಕಂಡವು. ಜಲಪಾತ ನೋಡಲೇಬೇಕು ಅನ್ನುವವರು ಮಳೆಗಾಲದಲ್ಲಿ, ಜುಲೈ–ಆಗಸ್ಟಿನ ಹೊತ್ತಿಗೆ ಬರಬೇಕು. ಮಧ್ಯರಂಗನ ದರ್ಶನ ಮಾತ್ರ ಯಾವಾಗಲೂ ಸಿಗುತ್ತದೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಇಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರೂ ಕಾವೇರಿ ನಡುವಿನ ದ್ವೀಪಗಳಲ್ಲೇ ಮಲಗಿದ್ದಾರೆ.

ಅಲ್ಲಿಂದ ತಲಕಾಡು. ಗಂಗರ ರಾಜಧಾನಿಯಾಗಿದ್ದ ಊರು ಈಗ ಮರಳಿನ ದಿಬ್ಬಗಳ ಅಡಿಯಲ್ಲಿದೆ. ಗುಡಿ ನೋಡಬೇಕಾದರೆ ಮರಳಿನಲ್ಲಿ ನಡೆದು, ಮೆಟ್ಟಿಲು ಇಳಿದು ಹೋಗಬೇಕು. ಮಕ್ಕಳಿಗೆ ಅಲಮೇಲಮ್ಮನ ಶಾಪದ ಕತೆ ಹೇಳಿದೆವು. ಮರುಭೂಮಿಯಲ್ಲಿ ಇಷ್ಟು ವರ್ಷ ಇದ್ದ ನಮಗೆ, ನಮ್ಮೂರ ಪಕ್ಕದಲ್ಲೇ ಇಷ್ಟು ಮರಳು ಇದೆ ಅನ್ನುವುದು ಮರೆತೇ ಹೋಗಿತ್ತು. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ, ಇವು ಪಂಚಲಿಂಗಗಳು. ಪಂಚಲಿಂಗ ದರ್ಶನ ಕಾರ್ತಿಕ ಮಾಸದಲ್ಲಿ ಯೋಗ ಕೂಡಿಬಂದ ವರ್ಷ ಮಾತ್ರ. ಈಚೆಗೆ ನಡೆದದ್ದು 2009, 2013, 2020ರಲ್ಲಿ. ವಿಷ್ಣುವರ್ಧನ ಚೋಳರನ್ನು ಗೆದ್ದ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯೂ ಇಲ್ಲೇ ಇದೆ. ವಯಸ್ಸಾದವರಿದ್ದರೆ ಬಿಸಿಲೇರುವ ಮೊದಲೇ ಹೋಗಿ. ಮಂಡಿನೋವಿನವರಿಗೆ ಮರಳು ಕಷ್ಟ.

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ, ಕಪಿಲಾ ಸೇರುತ್ತವೆ. ಮೂರನೆಯದು ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಅಂತ ನಂಬಿಕೆ. ಗುಂಜಾನರಸಿಂಹಸ್ವಾಮಿಗೆ ಕೈಮುಗಿದು, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ, ಮೊಸರನ್ನ ಹೊಳೆ ದಡದಲ್ಲೇ ಬಿಚ್ಚಿದೆವು.

ಸಂಜೆ ಸೋಮನಾಥಪುರ. ಹೊಯ್ಸಳರ ಕಾಲದಲ್ಲಿ, 13ನೇ ಶತಮಾನದಲ್ಲಿ, ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಲ್ಲಿ ಪೂಜೆ ಇಲ್ಲ, ಮಂಗಳಾರತಿ ಇಲ್ಲ. ಅದಕ್ಕೆ ಅಮ್ಮಂದಿರಿಬ್ಬರೂ ಮೊದಲು ಬೇಸರ ಮಾಡಿಕೊಂಡರು. ಆಮೇಲೆ ಹೊರಗೋಡೆಯ ಕೆಳಸಾಲಿನಲ್ಲಿ ಆನೆ, ಕುದುರೆ, ರಾಮಾಯಣದ ಕತೆ ಎಲ್ಲ ಗುರುತು ಹಿಡಿಯುತ್ತಾ, ಮೊಮ್ಮಕ್ಕಳಿಗೆ ಹೇಳುತ್ತಾ ಸುತ್ತಿದ್ದೇ ಸುತ್ತಿದ್ದು. ಕಾವಲಿನವರು ಬಾಗಿಲು ಹಾಕಬೇಕು ಅಂದಮೇಲೇ ಹೊರಗೆ ಬಂದದ್ದು. ರಾತ್ರಿ ಮೈಸೂರಿನಲ್ಲಿ ತಂಗಿದೆವು.

ಎರಡನೇ ದಿನ: ಹರಕೆ

ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರ್. ಕತ್ತಲಿರುವಾಗಲೇ ಹೊರಟೆವು. ಆದರೂ ಮುಡಿ ಕೊಡುವಲ್ಲಿ ನಮಗಿಂತ ಮುಂಚೆ ಜನ ಸೇರಿದ್ದರು. ಕಾದು ಕೂತಾಗ ಅಮ್ಮ ಮಗನ ಪಕ್ಕ ಬಿಟ್ಟು ಏಳಲಿಲ್ಲ. ಕಾಫಿ ಕುಡಿದು ಬನ್ನಿ ಅಂದರೂ ಇಲ್ಲ.

ತಲೆ ಬೋಳಿಸಿಕೊಂಡು, ಕಪಿಲೆಯಲ್ಲಿ ಮೂರು ಸಲ ಮುಳುಗಿ ಮೇಲೆ ಬಂದಾಗ, ಅಮ್ಮ ಸೆರಗಿನಿಂದ ತಲೆ ಒರೆಸಿ ಮೇಲೆ ಕೈಯಾಡಿಸಿದರು. "ಸಣ್ಣೋನಿದ್ದಾಗ ಇದ್ದಂಗೇ ಅವ್ನೆ" ಅಂದರು. ಅಷ್ಟೇ. ನಲವತ್ತು ದಾಟಿದ ಗಂಡಸು ಹೊಳೆ ಮೆಟ್ಟಿಲ ಮೇಲೆ ನಿಂತು ಅತ್ತದ್ದನ್ನು ನಾವು ಇಲ್ಲಿ ಬರೆಯಬಾರದಿತ್ತು. ಆದರೆ ಬರೆದಿದ್ದೇವೆ. ಓದುವವರಲ್ಲಿ ಅರ್ಧ ಜನಕ್ಕೆ ಇಂಥದ್ದೊಂದು ಬಾಕಿ ಇರುತ್ತದೆ ಅಂತ ನಮಗೆ ಗೊತ್ತು.

ನಂಜು ಉಂಡವನೇ ನಂಜುಂಡ. ದೇವಸ್ಥಾನದ ಗೋಪುರ ಸುಮಾರು 120 ಅಡಿ ಎತ್ತರ. ರೋಗ ರುಜಿನ ವಾಸಿ ಮಾಡುವ ದೇವರು ಅಂತ ಪ್ರತೀತಿ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಕಾಯಿಲೆ ಇಲ್ಲಿ ವಾಸಿಯಾಯಿತು, ಅದಕ್ಕೆ ಅವನು ಪಚ್ಚೆ ಲಿಂಗ ಕೊಟ್ಟು 'ಹಕೀಮ್ ನಂಜುಂಡ' ಅಂತ ಕರೆದ ಅನ್ನುವ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊರಗೆ ಬಂದಾಗ ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ. ಈಗ ಬೆಳೆಯುವವರು ಕಡಿಮೆ.

ಇಷ್ಟೆಲ್ಲ ಮುಗಿಸಿ, ಊಟ ಮಾಡಿ, ಎಚ್.ಡಿ. ಕೋಟೆ ದಾಟಿ ದಮ್ಮನಕಟ್ಟೆ ತಲುಪುವ ಹೊತ್ತಿಗೆ ಮಧ್ಯಾಹ್ನದ ಸಫಾರಿ ಸೀಟು ಖಾಲಿಯಾಗಿತ್ತು. ಮಕ್ಕಳು ಮುಖ ಊದಿಸಿಕೊಂಡರು. ಅಮ್ಮನಿಗೆ ತನ್ನ ಹರಕೆಯಿಂದಲೇ ತಡವಾಯಿತು ಅಂತ ಸಂಕಟ. ಮರುದಿನ ಬೆಳಗಿನ ಸಫಾರಿಗೆ ಬರೋಣ ಅಂತ ಎಚ್.ಡಿ. ಕೋಟೆಗೆ ವಾಪಸ್ ಬಂದು ಲಾಡ್ಜ್ ಹಿಡಿದೆವು. ತಪ್ಪು ನಮ್ಮದೇ. ದೇವಸ್ಥಾನ, ಸಫಾರಿ ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಬೇಡಿ.

ಮೂರನೇ ದಿನ: ಆನೆಗೂ ಹೊಟ್ಟೆಪಾಡು

ಬೆಳಿಗ್ಗೆ ಬಸ್ಸು ಹತ್ತುವಾಗ ಅಮ್ಮ ಗೊಣಗಿದರು: "ದುಡ್ ಕೊಟ್ಟು ಆನೆ ನೋಡ್ಬೇಕಾ? ನಮ್ ಗದ್ದೇಗ್ ಬಂದ್ರೆ ಪಟಾಕಿ ಹೊಡ್ದು ಓಡಿಸ್ತೀವಿ, ಇಲ್ಲಿ ಟಿಕೆಟ್ ತಕ್ಕಂಡು ಕಾಯದು!"

ಅವರ ಮಾತು ತಮಾಷೆಯಲ್ಲ. ಮುತ್ತತ್ತಿ ಕಡೆಯ ಕಾವೇರಿ ವನ್ಯಧಾಮದಿಂದ ನಮ್ಮ ಭಾಗದ ಕಬ್ಬು, ರಾಗಿ ಹೊಲಗಳಿಗೆ ಆನೆ ಬರುವುದುಂಟು. ನಾವು ಇಲ್ಲಿ ಎಸಿ ರೂಮಿನಲ್ಲಿ ಮಲಗಿರುವಾಗ, ಅವರು ಅಲ್ಲಿ ಬ್ಯಾಟರಿ ಹಿಡಿದು ರಾತ್ರಿಯೆಲ್ಲ ಗದ್ದೆ ಕಾದಿದ್ದಾರೆ. ಅದನ್ನು ಫೋನಿನಲ್ಲಿ ಒಂದು ಸಲವೂ ಹೇಳಿರಲಿಲ್ಲ. ಬಸ್ಸಿನಲ್ಲೇ ನಮಗೆ ಗೊತ್ತಾದದ್ದು.

ನಾಗರಹೊಳೆ 1955ರಲ್ಲಿ ವನ್ಯಧಾಮ, 1988ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಕಪಿಲೆಗೇ ಕಬಿನಿ ಅನ್ನುವುದು. ಬೀಚನಹಳ್ಳಿ ಹತ್ತಿರ ಅಣೆಕಟ್ಟು ಮುಗಿದದ್ದು 1974ರಲ್ಲಿ. ಹಳೆಯ ಮಹಾರಾಜರ ಕಾಲದ ಕಾಕನಕೋಟೆ ಖೆಡ್ಡಾ ನಡೆಯುತ್ತಿದ್ದ ಕಾಡಿನ ಭಾಗವೂ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ಕಾಡಿನ ಕೆರೆಕಟ್ಟೆ ಒಣಗುತ್ತವೆ. ಅದೇ ಹೊತ್ತಿಗೆ ಹಿನ್ನೀರು ಇಳಿದು, ಆ ಜಾಗದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ನೀರು, ಮೇವು ಎರಡೂ ಒಂದೇ ಕಡೆ. ಅದಕ್ಕೇ ಮಾರ್ಚ್‌ನಿಂದ ಮೇವರೆಗೆ ಇಲ್ಲಿ ಸೇರುವಷ್ಟು ಆನೆ ಬೇರೆ ಕಡೆ ಕಾಣುವುದು ಅಪರೂಪ. ಮಳೆ ಬಿದ್ದಮೇಲೆ ಚದುರಿಹೋಗುತ್ತವೆ.

ಹುಲಿ ಕಾಣಲಿಲ್ಲ. ಕರಿಚಿರತೆಯಂತೂ ಇಲ್ಲವೇ ಇಲ್ಲ. ಜಿಂಕೆ, ಕಡವೆ, ಕಾಟಿ ಸಿಕ್ಕವು. ಹಿನ್ನೀರಿನ ಅಂಚಿಗೆ ಬಂದಾಗ ಡ್ರೈವರ್ ಎಂಜಿನ್ ಆಫ್ ಮಾಡಿದರು. ಇಪ್ಪತ್ತರಷ್ಟು ಆನೆಗಳ ಹಿಂಡು. ದೊಡ್ಡ ಆನೆಗಳ ಕಾಲ ಸಂದಿಯಲ್ಲಿ ಒಂದು ಪುಟ್ಟ ಮರಿ, ಸೊಂಡಿಲಲ್ಲಿ ಹುಲ್ಲು ಕೀಳಲು ಬಾರದೆ ಒದ್ದಾಡುತ್ತಿತ್ತು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅಮ್ಮ ಬಹಳ ಹೊತ್ತು ನೋಡಿ, ಮೆಲ್ಲಗೆ ಅಂದರು: "ಇಲ್ಲೇ ಮೇವು ಸಿಕ್ಕಿದ್ರೆ ಅವು ಯಾಕಪ್ಪ ನಮ್ ಗದ್ದೇಗ್ ಬತ್ತವೆ? ಅವ್ಕೂ ಹೊಟ್ಟೆಪಾಡು. ನೀವು ದುಬೈಗೋಗಿಲ್ವಾ?"

ವಾಪಸ್ ಬರುವಾಗ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಮೈಸೂರು ಅರಸರು ಪಕ್ಷಿಧಾಮ ಮಾಡಿದ ಜಾಗ. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ದೋಣಿಯಲ್ಲಿ ಹೋದರೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ನೀರುಕಾಗೆ, ಮರಿಗಳ ಸಮೇತ ಗೂಡು, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಎಲ್ಲ ಹತ್ತಿರದಿಂದ ಕಾಣುತ್ತವೆ. ಕೊನೆಗೆ ಶ್ರೀರಂಗಪಟ್ಟಣದ ಆದಿರಂಗ, ಗಂಜಾಮಿನ ನಿಮಿಷಾಂಬ. ಕತ್ತಲಾಗುವ ಹೊತ್ತಿಗೆ ಮನೆ ಸೇರಿದೆವು.

ಹೋಗುವವರಿಗೆ ನಾಲ್ಕು ಮಾತು

ರಜೆ ಯಾವ ತಿಂಗಳು ಅನ್ನುವುದರ ಮೇಲೆ ಪ್ಲಾನ್ ಮಾಡಿ. ಬೇಸಿಗೆಯಾದರೆ ಕಬಿನಿಯ ಆನೆ, ರಂಗನತಿಟ್ಟಿನ ಮರಿಗಳು. ಜೂನ್ ಕಳೆದಮೇಲೆ ಜಲಪಾತ. ಆದರೆ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಸಫಾರಿ ಇದೆಯೋ ಇಲ್ಲವೋ ಅಂತ ಹೊರಡುವ ಮೊದಲೇ ವಿಚಾರಿಸಿ, ಸೀಟು ಕಾದಿರಿಸಿ. ಬಂಡೀಪುರದ ಕಡೆ ಹೋಗುವವರು ನೆನಪಿಡಿ, ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮ ಗಾಡಿ ಬಿಡುವುದಿಲ್ಲ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಹೊಳೆಯಲ್ಲಿ ಸ್ನಾನ ಮಾಡುವಾಗ ಮೆಟ್ಟಿಲು ಬಿಟ್ಟು ಮುಂದೆ ಹೋಗಬೇಡಿ. ಮೇಲೆ ಶಾಂತವಾಗಿ ಕಂಡರೂ ಕಾವೇರಿಯಲ್ಲಿ ಸುಳಿ ಇರುತ್ತದೆ.

ಮುಖ್ಯವಾದ ಮಾತು ಇನ್ನೊಂದಿದೆ. ಆ ಮೂರು ದಿನವನ್ನು ರಜೆಯ ಕೊನೆಗೆ ಇಟ್ಟುಕೊಳ್ಳಬೇಡಿ. ಕೊನೆಯ ವಾರ ಲಗೇಜು, ಬ್ಯಾಂಕು, ನೆಂಟರು ಅಂತಲೇ ಕಳೆದುಹೋಗುತ್ತದೆ. ಊರಿಗೆ ಹೋದ ಮೊದಲ ವಾರವೇ ಅಪ್ಪ ಅಮ್ಮನನ್ನು ಗಾಡಿ ಹತ್ತಿಸಿ. ಫೋನಿನಲ್ಲಿ ಹೇಳದ ಎಷ್ಟೋ ಮಾತು ದಾರಿಯಲ್ಲಿ ಬರುತ್ತದೆ.

ಶಾರ್ಜಾಕ್ಕೆ ವಾಪಸ್ ಬಂದ ದಿನ ಬೋಳು ತಲೆ ನೋಡಿ ಪೇಶಾವರದ ಗೆಳೆಯ ಓಡಿ ಬಂದು ಅಪ್ಪಿಕೊಂಡ. ಉಮ್ರಾ ಮುಗಿಸಿದವರೂ ಹೀಗೆ ತಲೆ ಬೋಳಿಸಿಕೊಂಡಿರುತ್ತಾರಲ್ಲ. "ಇದೇನು, ನೀನೂ ಹೋಗಿಬಂದೆಯಾ?" ಅಂತ ನಕ್ಕ. ನಾವು ನಂಜನಗೂಡಿನ ಹಕೀಮನ ಕತೆ, ಸುಲ್ತಾನನ ಆನೆಯ ಕತೆ ಹೇಳಿದೆವು. ಅಮ್ಮನ ಹರಕೆ ಅಂದಾಗ ಅವನು ಸುಮ್ಮನೆ ತಲೆಯಾಡಿಸಿದ. ಆಮೇಲೆ, "ಕರಿಚಿರತೆ ಸಿಕ್ಕಿತಾ?" ಅಂತ ಕೇಳಿದ.

ಇಲ್ಲ, ಮುಂದಿನ ರಜೆಗೆ ಅಂದೆವು.