ನೆಲಕ್ಕಿಳಿದ ಟ್ರಕ್ಕು

ಹೊರೆ ಹೊರಲೆಂದು ಕಟ್ಟಿದ ವಾಹನವನ್ನು ನೆಲಕ್ಕೆ ಅರ್ಧ ಗೇಣು ಹತ್ತಿರ ತರುವುದಕ್ಕಾಗಿ ಜನರು ತಿಂಗಳುಗಟ್ಟಲೆ ಶ್ರಮಿಸುವರೆಂದರೆ ವಾಚಕರಿಗೆ ವಿಚಿತ್ರವೆನಿಸೀತು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಇದು ಹಲವು ದಶಕಗಳಿಂದ ನಡೆದುಬಂದಿರುವ ಹವ್ಯಾಸ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ಮೆಕ್ಸಿಕನ್ ಮೂಲದ ತರುಣರು ಕಾರುಗಳನ್ನು ತಗ್ಗಿಸಿ, ಬೀದಿಗಳಲ್ಲಿ ಮೆಲ್ಲಮೆಲ್ಲನೆ ಓಡಿಸತೊಡಗಿದರು. ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗೆ ವಾಹನದ ಯಾವ ಭಾಗವೂ ಇಳಿಯಕೂಡದೆಂದು 1950ರ ದಶಕದ ಕೊನೆಯಲ್ಲಿ ಆ ರಾಜ್ಯವು ಕಾನೂನು ಮಾಡಿತು. ಇದಕ್ಕೆ ಪ್ರತಿಯಾಗಿ 1959ರಲ್ಲಿ ರಾನ್ ಅಗಿರ್ರೆ ಎಂಬಾತನು ವಿಮಾನದ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿ, ಬೇಕೆಂದಾಗ ಅದನ್ನು ಏರಿಸಿ ಇಳಿಸುವ ಉಪಾಯ ಮಾಡಿದನು. ಆ ನಿಷೇಧವು 2024ರ ಜನವರಿ 1ರಂದು ರದ್ದಾಯಿತು. ಈ ನಡುವೆ ಹವ್ಯಾಸವು ಕಾರುಗಳಲ್ಲಿ ನಿಲ್ಲದೆ ಪಿಕ್‌ಅಪ್ ಟ್ರಕ್ಕುಗಳಿಗೂ ಹಬ್ಬಿತ್ತು.

ಟ್ರಕ್ಕನ್ನು ತಗ್ಗಿಸುವ ಕೆಲವು ಭಾಗಗಳು ಅಂಗಡಿಯಲ್ಲಿಯೇ ದೊರೆಯುತ್ತವೆ. ಆದರೆ ಬಹಳ ತಗ್ಗಿಸಬೇಕಾದಾಗ ಆ ಗಾಡಿಗೆ ಒಪ್ಪುವಂತೆ ಉಕ್ಕಿನ ಭಾಗಗಳನ್ನು ಕೈಯಾರೆ ಮಾಡಿಕೊಳ್ಳದೆ ಗತ್ಯಂತರವಿಲ್ಲ. ಇವು ಅಲಂಕಾರದ ಭಾಗಗಳಲ್ಲ. ತಗ್ಗಿಸುವಾಗ ವಾಹನವು ಕಳೆದುಕೊಂಡ ಬಲವನ್ನು ಅದಕ್ಕೆ ಮರಳಿ ಕೊಡುವುದೇ ಇವುಗಳ ಕೆಲಸ.

ಹೊಡೆತದ ಲೆಕ್ಕ

ಪಿಕ್‌ಅಪ್ಪಿನ ಬುನಾದಿಯೆಂದರೆ ಏಣಿಯಂತಹ ಒಂದು ಉಕ್ಕಿನ ಚೌಕಟ್ಟು: ಉದ್ದಕ್ಕೆ ಎರಡು ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಹಿಂದಿನ ಚಕ್ರಗಳ ಅಚ್ಚು ಈ ತೊಲೆಗಳ ಕೆಳಗೆ ಹಾದುಹೋಗುತ್ತದೆ. ಅಚ್ಚಿಗೂ ತೊಲೆಗೂ ನಡುವಿನ ತೆರವೇ ಸ್ಪ್ರಿಂಗು ಕುಗ್ಗಲು ಇರುವ ಅವಕಾಶ.

ಉದಾಹರಣೆಗೆ, ಈ ತೆರವು 125 ಮಿಲಿಮೀಟರ್ ಇದೆಯೆಂದು ಭಾವಿಸೋಣ. ಟ್ರಕ್ಕನ್ನು 100 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು ಕೇವಲ 25. ಕ್ರಿಕೆಟ್ ಆಟಗಾರನು ಚೆಂಡನ್ನು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವುದನ್ನು ನೋಡಿರಬಹುದು. ಚೆಂಡನ್ನು ನಿಲ್ಲಿಸುವ ದೂರ ಹೆಚ್ಚಿದಷ್ಟೂ ಅಂಗೈಗೆ ತಗಲುವ ಬಲ ಕಡಿಮೆ. ಟ್ರಕ್ಕಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಹಳ್ಳ ದಿಣ್ಣೆಗಳಲ್ಲಿ ಕೆಳಕ್ಕೆ ಕುಸಿಯುವ ಭಾರವನ್ನು ಐದನೆಯ ಒಂದು ಪಾಲು ದೂರದಲ್ಲಿ ನಿಲ್ಲಿಸಬೇಕಾದರೆ, ತಡೆಯುವ ಬಲವು ಸರಾಸರಿಯಲ್ಲಿ ಐದು ಪಟ್ಟಾಗಬೇಕು. ಅಚ್ಚು ತೊಲೆಯನ್ನು ಸುತ್ತಿಗೆಯಂತೆ ಬಡಿಯತೊಡಗುತ್ತದೆ. ಆದಕಾರಣ ಅಚ್ಚಿನ ನೇರಕ್ಕೆ ತೊಲೆಯ ಅಡಿಯಂಚನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ ತೆರವನ್ನು ಹೆಚ್ಚಿಸುತ್ತಾರೆ.

ತೊಲೆಯ ಲೆಕ್ಕ

ಒಂದು ಕಷ್ಟ ಕಳೆಯಿತು. ಅದಕ್ಕಿಂತ ದೊಡ್ಡದೊಂದು ಹುಟ್ಟಿತು. ಮನೆ ಕಟ್ಟುವ ಬಡಗಿಯು ತೊಲೆಯನ್ನು ಅಗಲವಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಹಾಕುತ್ತಾನೆ. ಏಕೆಂದರೆ ಬಾಗುವಿಕೆಯನ್ನು ಎದುರಿಸುವ ಬಿಗಿತವು ತೊಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಟ್ರಕ್ಕಿನ ತೊಲೆಯ ಎತ್ತರ 150 ಮಿಲಿಮೀಟರ್ ಇದ್ದು, ಅದರಲ್ಲಿ 50ನ್ನು ಕತ್ತರಿಸಿದರೆ ಎತ್ತರ ಮೂರರಲ್ಲಿ ಎರಡು ಪಾಲಾಯಿತು. ಬರೀ ಲಂಬವಾದ ತಗಡನ್ನು ಗಣಿಸಿದರೂ ಬಿಗಿತವು 27ರಲ್ಲಿ 8 ಪಾಲಿಗೆ, ಅಂದರೆ ನೂರಕ್ಕೆ ಸುಮಾರು 30ಕ್ಕೆ ಇಳಿಯುತ್ತದೆ. ಬಾಗುವ ತೊಲೆಯಲ್ಲಿ ಒಂದು ಅಂಚು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ನಡುಭಾಗಕ್ಕೆ ಹೆಚ್ಚು ಕೆಲಸವಿಲ್ಲ. ನಾವು ಕತ್ತರಿಸಿ ಬಿಸಾಡಿದ್ದು ಹೆಚ್ಚು ದುಡಿಯುವ ಅಂಚನ್ನೇ!

ಭಾಗವನ್ನು ಮಾಡುವ ಬಗೆ

ಈ ನಷ್ಟವನ್ನು ತುಂಬಲು ಹೊಸ ಭಾಗ ಬೇಕು. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ, ತೊಲೆಗೆ ಹಿಡಿದು ನೋಡಿ, ತಿದ್ದಿ, ಬಳಿಕ ಅದನ್ನು ಉಕ್ಕಿನ ಹಲಗೆಗೆ ವರ್ಗಾಯಿಸುತ್ತಾರೆ. ಹಲಗೆಯು ತೊಲೆಯ ತಗಡಿಗಿಂತ ತೆಳುವಾಗಿರಬಾರದು. ಕತ್ತರಿಸಿದ ಜಾಗದ ಎರಡು ಕಡೆಗೂ ಸಾಕಷ್ಟು ಮುಂದೆ ಚಾಚಿರಬೇಕು. ಅರ್ಧಚಂದ್ರದ ಒಳಮೈಗೆ ಬಾಗಿಸಿದ ಪಟ್ಟಿಯೊಂದನ್ನು ಬೆಸೆದಾಗ ಕಳೆದುಹೋದ ಅಂಚು ಮತ್ತೆ ಒದಗುತ್ತದೆ.

ಎಲ್ಲಿಯೂ ಚೂಪು ಮೂಲೆ ಇರಕೂಡದು. ಎಳೆತಕ್ಕೆ ಸಿಕ್ಕಿದ ಅಗಲವಾದ ಹಲಗೆಯಲ್ಲಿ ಒಂದು ಸಣ್ಣ ದುಂಡು ರಂಧ್ರವಿದ್ದರೂ ಅದರ ಅಂಚಿನಲ್ಲಿ ಒತ್ತಡವು ಮೂರು ಪಟ್ಟಾಗುತ್ತದೆ. ಚೂಪು ಮೂಲೆಯಲ್ಲಿ ಇನ್ನೂ ಹೆಚ್ಚು. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದುಹೋದುದಕ್ಕೆ ಮೈಯ ತಗಡಿನಲ್ಲಿ ತೆರೆದ ಕಂಡಿಗಳ ಬಳಿ ಬೆಳೆದ ಬಿರುಕುಗಳು ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. ಮತ್ತೆ ಮತ್ತೆ ಬಾಗಿ ದಣಿದ ಲೋಹವು ಮುನ್ಸೂಚನೆ ಕೊಡದೆ ಬಿರಿಯುತ್ತದೆ. ಆದುದರಿಂದಲೇ ಹಲಗೆಯ ತುದಿಗಳನ್ನು ಓರೆಯಾಗಿ ಕತ್ತರಿಸುತ್ತಾರೆ. ಬೆಸುಗೆಯ ಗೆರೆ ತೊಲೆಗೆ ನೆಟ್ಟಗೆ ಅಡ್ಡಲಾಗಿ ಹಾಯಬಾರದು.

ಕರಗಿದ ಬೆಸುಗೆಯು ಆರುವಾಗ ಕುಗ್ಗಿ ಉಕ್ಕನ್ನು ತನ್ನತ್ತ ಎಳೆಯುತ್ತದೆ. ಆದ್ದರಿಂದ ಚೌಕಟ್ಟನ್ನು ಭದ್ರವಾದ ಆಸರೆಗಳ ಮೇಲೆ ನಿಲ್ಲಿಸಿ, ಒಂದು ತೊಲೆಯ ಕೆಲಸ ಮುಗಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಅಳತೆ ನೋಡಿ, ಸ್ವಲ್ಪಸ್ವಲ್ಪವಾಗಿ ಮುಂದುವರಿಯಬೇಕು.

ತಿರುಗುವ ದಂಡ

ಅಚ್ಚು ಮೇಲೇರಿದರೆ ಗೇರ್‌ಪೆಟ್ಟಿಗೆಯಿಂದ ಅದಕ್ಕೆ ಶಕ್ತಿಯನ್ನೊಯ್ಯುವ ದಂಡದ ಕೋನವೂ ಬದಲಾಗುತ್ತದೆ. ದಂಡದ ಎರಡು ತುದಿಗಳಲ್ಲಿ ಸರ್ವತೋಮುಖ ಕೀಲುಗಳಿವೆ. ಕೀಲು ಬಾಗಿದ್ದಾಗ ಒಂದು ಬದಿ ಸಮವೇಗದಿಂದ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದೆ ಬೀಳುತ್ತದೆ. ಕೋನ 10 ಡಿಗ್ರಿಯಾದರೆ ಈ ಏರಿಳಿತವು ನೂರಕ್ಕೆ ಸುಮಾರು ಒಂದೂವರೆ. ದಂಡವು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 100 ಸಲದ ನಡುಕ! ಎರಡು ಕೀಲುಗಳ ಕೋನಗಳು ಸಮವಾಗಿದ್ದರೆ, ಒಂದರ ಏರುಪೇರನ್ನು ಇನ್ನೊಂದು ಅಳಿಸುತ್ತದೆ. ಈ ಸಮತೆಯನ್ನು ಸಾಧಿಸಲು ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಉಕ್ಕಿನ ಬೆಣೆಯೊಂದನ್ನು ಅಳತೆಗೆ ತಕ್ಕಂತೆ ಮಾಡಿ ಕೂರಿಸುತ್ತಾರೆ.

ಟ್ರಕ್ಕನ್ನು ತಗ್ಗಿಸಿದುದರಿಂದ ಲಾಭವೇ ಇಲ್ಲವೆನ್ನಲಾಗದು. ಗುರುತ್ವಕೇಂದ್ರ ಇಳಿದಷ್ಟೂ ತಿರುವಿನಲ್ಲಿ ವಾಹನವು ಮಗುಚುವ ಭಯ ತಗ್ಗುತ್ತದೆ. ಆದರೆ ಸ್ಪ್ರಿಂಗಿನ ಅವಕಾಶವೂ ತೊಲೆಯ ರೂಪವೂ ಬದಲಾದ ಮೇಲೆ, ತಯಾರಕರು ಹೇಳಿದ್ದ ಹೊರೆಯ ಮಿತಿಯನ್ನು ನೆಚ್ಚುವಂತಿಲ್ಲ. ಹೊಳೆಯುವ ಬಣ್ಣವನ್ನು ದಾರಿಹೋಕರೆಲ್ಲರೂ ನೋಡುತ್ತಾರೆ. ಗಾಡಿಯ ಅಡಿಯಲ್ಲಿರುವ ಬೆಸುಗೆಯನ್ನು ನೋಡುವವರು ವಿರಳ. ಆದರೆ ಗಾಡಿಯೊಳಗಿನವರ ಪ್ರಾಣವೂ ಎದುರಿನಿಂದ ಬರುವವರ ಪ್ರಾಣವೂ ಆ ಬೆಸುಗೆಯನ್ನೇ ನಂಬಿರುತ್ತವೆ.