ಗಡಿ ದಾಟದ ಸೌಲಭ್ಯ: ಅಂಗೈ ವಿಡಿಯೋ ಆಟಗಳಿಂದ ಆಟಿಕೆ ಉದ್ಯಮಕ್ಕೊಂದು ಪಾಠ

ಸಾವನದುರ್ಗದ ಬುಡದಲ್ಲಿರುವ ವೀರಭದ್ರಸ್ವಾಮಿ ಹಾಗೂ ನರಸಿಂಹಸ್ವಾಮಿ ದೇವಾಲಯಗಳ ದರ್ಶನ ಮುಗಿಸಿ ಹಿಂದಿರುಗುವ ಕುಟುಂಬವೊಂದು ಮಗುವಿಗಾಗಿ ಚನ್ನಪಟ್ಟಣದ ಬಣ್ಣದ ಬುಗುರಿಯೊಂದನ್ನು ಕೊಂಡುಕೊಂಡಿತೆಂದು ಭಾವಿಸೋಣ. ಆ ಬುಗುರಿಯು ಮಾಗಡಿಯ ಮನೆಯಂಗಳದಲ್ಲಿ ಹೇಗೆ ತಿರುಗುವುದೋ ಕನಕಪುರದಲ್ಲಿಯೂ, ದೂರದ ಟೋಕಿಯೋ ನಗರದಲ್ಲಿಯೂ ಹಾಗೆಯೇ ತಿರುಗುತ್ತದೆ. ಇಪ್ಪತ್ತು ವರ್ಷಗಳ ನಂತರ ಅಟ್ಟದಿಂದ ಕೆಳಗಿಳಿಸಿದರೂ ಅದು ತಿರುಗಲು ಯಾವ ಕಂಪನಿಯ ಅನುಮತಿಯೂ ಬೇಕಿಲ್ಲ.

ಆದರೆ ಇಂದಿನ ಆಟಿಕೆ ಮಾರುಕಟ್ಟೆಯ ಹಲವು ಸರಕುಗಳ ಸ್ಥಿತಿ ಹೀಗಿಲ್ಲ. ಮೊಬೈಲ್ ಆ್ಯಪ್‌ನೊಂದಿಗೆ ಮಾತನಾಡುವ ಗೊಂಬೆ, ಕ್ಯೂ.ಆರ್. ಸಂಕೇತ ಮುದ್ರಿಸಿದ ಮರದ ಒಗಟು, ಅಂತರಜಾಲದ ಸಂಪರ್ಕವಿದ್ದರೆ ಮಾತ್ರ ಪೂರ್ಣವಾಗಿ ಆಡಬಹುದಾದ ಸಾಧನ ಮುಂತಾದವು ಅಂಗಡಿಗಳ ಕಪಾಟು ಸೇರಿವೆ. ನಮ್ಮ ಸಣ್ಣ ತಯಾರಕರಿಗೂ ‘ನಿಮ್ಮ ಆಟಿಕೆಗೆ ಆನ್‌ಲೈನ್ ಸೌಲಭ್ಯ ಸೇರಿಸಿ’ ಎಂಬ ಸಲಹೆ ಹಲವು ಕಡೆಗಳಿಂದ ಬರುತ್ತಿದೆ. ಸಲಹೆಯನ್ನು ಸ್ವೀಕರಿಸುವ ಮುನ್ನ, ಇದೇ ದಾರಿಯಲ್ಲಿ ಮೊದಲು ನಡೆದವರ ಅನುಭವವನ್ನು ಅರಿಯುವುದು ವಿವೇಕ. ಆ ಅನುಭವ ಜಪಾನಿನ ಅಂಗೈ ವಿಡಿಯೋ ಆಟಗಳದ್ದು.

ಜಪಾನಿನಲ್ಲಿ ನಡೆದದ್ದು

ಕ್ಯೋಟೋ ನಗರದ ನಿಂಟೆಂಡೋ ಸಂಸ್ಥೆ 1889ರಲ್ಲಿ ಕೈಯಿಂದ ತಯಾರಿಸಿದ ಆಟದ ಎಲೆಗಳನ್ನು ಮಾರುವ ಸಣ್ಣ ಉದ್ಯಮವಾಗಿ ಆರಂಭಗೊಂಡಿತು. ಅದೇ ಸಂಸ್ಥೆ ಸರಿಯಾಗಿ ನೂರು ವರ್ಷಗಳ ನಂತರ, 1989ರಲ್ಲಿ, ‘ಗೇಮ್ ಬಾಯ್’ ಎಂಬ ಅಂಗೈ ಸಾಧನವನ್ನು ಮಾರುಕಟ್ಟೆಗೆ ತಂದಿತು. ಈ ಸಾಧನಕ್ಕಾಗಿ ಬಂದ ಆಟಗಳ ಪೈಕಿ ‘ಪೋಕೆಮಾನ್’ ಸರಣಿಯು ಜಗತ್ಪ್ರಸಿದ್ಧವಾಯಿತು. ಕಾಲ್ಪನಿಕ ಜೀವಿಗಳನ್ನು ಹಿಡಿದು, ಸಾಕಿ, ಗೆಳೆಯರೊಂದಿಗೆ ವಿನಿಮಯ ಮಾಡಿಕೊಳ್ಳುವುದೇ ಅದರ ತಿರುಳು. ಎರಡು ಸಾಧನಗಳನ್ನು ಒಂದು ತಂತಿಯಿಂದ ಜೋಡಿಸಿದರೆ ವಿನಿಮಯ ಸಾಧ್ಯವಾಗುತ್ತಿತ್ತು. ಇದಕ್ಕೆ ಇಬ್ಬರೂ ಒಂದೇ ಸ್ಥಳದಲ್ಲಿರಬೇಕಾಗಿತ್ತು.

ಈ ಮಿತಿಯನ್ನು ಮೀರಲು ನಿಂಟೆಂಡೋ ‘ಮೊಬೈಲ್ ಅಡಾಪ್ಟರ್ ಜಿ.ಬಿ.’ ಎಂಬ ಉಪಕರಣವನ್ನು 2001ರ ಜನವರಿ 27ರಂದು ಜಪಾನಿನಲ್ಲಿ ಬಿಡುಗಡೆ ಮಾಡಿತು. ಬೆಲೆ 5,800 ಯೆನ್. ಒಂದು ತುದಿಯನ್ನು ಆಟದ ಸಾಧನಕ್ಕೂ ಮತ್ತೊಂದು ತುದಿಯನ್ನು ಮೊಬೈಲ್ ದೂರವಾಣಿಗೂ ಜೋಡಿಸಿದರೆ, ದೂರವಾಣಿಯು ಕೇಂದ್ರವೊಂದಕ್ಕೆ ಕರೆ ಮಾಡಿ ಆಟವನ್ನು ಅಲ್ಲಿನ ಗಣಕಯಂತ್ರದೊಂದಿಗೆ ಸಂಪರ್ಕಿಸುತ್ತಿತ್ತು. ಕರೆಯ ಶುಲ್ಕ ಬೇರೆ.

ಇದಕ್ಕೆ ಒಂದು ತಿಂಗಳಿಗೂ ಮುನ್ನ, 2000ದ ಡಿಸೆಂಬರ್ 14ರಂದು, ಹೊರಬಂದಿದ್ದ ‘ಪೋಕೆಮಾನ್ ಕ್ರಿಸ್ಟಲ್’ ಆಟವನ್ನು ಈ ಸೇವೆಗೆ ಹೊಂದುವಂತೆಯೇ ರೂಪಿಸಲಾಗಿತ್ತು. ಆಟದೊಳಗಿನ ದೊಡ್ಡ ಪಟ್ಟಣವೊಂದರಲ್ಲಿ ಸಂಪರ್ಕ ಕೇಂದ್ರವೊಂದನ್ನು ಕಟ್ಟಲಾಗಿತ್ತು. ಅಲ್ಲಿಂದ ಮಗುವು ದೇಶದ ಯಾವುದೋ ಮೂಲೆಯ ಅಪರಿಚಿತ ಆಟಗಾರನೊಂದಿಗೆ ವಿನಿಮಯ ನಡೆಸಬಹುದಿತ್ತು, ಸುದ್ದಿಯನ್ನು ಪಡೆಯಬಹುದಿತ್ತು. ಅಲ್ಲದೆ ಇತರ ಆಟಗಾರರ ತಂಡಗಳ ವಿವರವನ್ನು ಇಳಿಸಿಕೊಂಡು ಅವುಗಳೊಂದಿಗೆ ಸ್ಪರ್ಧಿಸಬಹುದಿತ್ತು. ‘ಜಿ.ಎಸ್. ಬಾಲ್’ ಎಂಬ ವಿಶೇಷ ವಸ್ತುವೂ ಇದೇ ಸೇವೆಯ ಮೂಲಕ ದೊರೆಯುತ್ತಿತ್ತು. ಅದಿದ್ದವರಿಗೆ ಮಾತ್ರ ‘ಸೆಲೆಬಿ’ ಎಂಬ ಅಪರೂಪದ ಜೀವಿ ಕಾಣಿಸಿಕೊಳ್ಳುತ್ತಿತ್ತು.

ಗಡಿಯಲ್ಲಿ ನಿಂತ ಸೇವೆ

ಇದೇ ಆಟ 2001ರ ಜುಲೈನಲ್ಲಿ ಉತ್ತರ ಅಮೆರಿಕದಲ್ಲಿಯೂ, ಅದೇ ವರ್ಷದ ನವೆಂಬರಿನಲ್ಲಿ ಯೂರೋಪಿನಲ್ಲಿಯೂ ಬಿಡುಗಡೆಯಾಯಿತು. ಆದರೆ ಅಡಾಪ್ಟರ್ ಜಪಾನಿನ ಗಡಿ ದಾಟಲಿಲ್ಲ. ಹೊರದೇಶಗಳ ಆವೃತ್ತಿಯಲ್ಲಿ ಸಂಪರ್ಕ ಕೇಂದ್ರದ ಬದಲು ಸಾಮಾನ್ಯ ಕಟ್ಟಡ ಮಾತ್ರ ಇತ್ತು. ಸೆಲೆಬಿಯ ಪ್ರಸಂಗಕ್ಕೆ ಬೇಕಾದ ಸೂಚನೆಗಳು ಆಟದೊಳಗೆ ಹುದುಗಿದ್ದರೂ ಅವುಗಳನ್ನು ತೆರೆಯುವ ಕೀಲಿಕೈ ಗ್ರಾಹಕರಿಗೆ ದೊರೆಯಲಿಲ್ಲ.

ಇದರ ಹಿಂದಿನ ವ್ಯಾವಹಾರಿಕ ಸಂಗತಿಯನ್ನು ಗಮನಿಸಬೇಕು. ಗೇಮ್ ಬಾಯ್ ಸಾಧನಕ್ಕೆ ಪ್ರಾದೇಶಿಕ ಬೀಗವಿರಲಿಲ್ಲ. ಜಪಾನಿನಲ್ಲಿ ಕೊಂಡ ಆಟದ ಕ್ಯಾಟ್ರಿಡ್ಜನ್ನು ಬೇರಾವುದೇ ದೇಶದ ಗೇಮ್ ಬಾಯ್‌ನಲ್ಲಿ ಹಾಕಿ ಆಡಬಹುದಿತ್ತು. ಸರಕು ಗಡಿ ದಾಟಬಲ್ಲದಾಗಿತ್ತು, ಸೇವೆ ಮಾತ್ರ ದಾಟಲಾರದಾಗಿತ್ತು. ಅಡಾಪ್ಟರನ್ನು ಜಪಾನಿನ ದೂರವಾಣಿ ಪದ್ಧತಿಗಳಿಗೆ ತಕ್ಕಂತೆ ತಯಾರಿಸಲಾಗಿತ್ತು. ಅವುಗಳಲ್ಲಿ ಮುಖ್ಯವಾದ ಪಿ.ಡಿ.ಸಿ. ಪದ್ಧತಿಯು ಜಪಾನಿಗಷ್ಟೇ ಸೀಮಿತವಾಗಿತ್ತು. ಆ ಒಂದೇ ದೇಶದೊಳಗೂ ಬೇರೆ ಬೇರೆ ಪದ್ಧತಿಯ ದೂರವಾಣಿಗಳಿಗಾಗಿ ನೀಲಿ, ಹಳದಿ, ಕೆಂಪು ಬಣ್ಣಗಳ ಪ್ರತ್ಯೇಕ ಅಡಾಪ್ಟರ್‌ಗಳನ್ನು ಮಾಡಬೇಕಾಯಿತು. ಯೂರೋಪು ಮತ್ತು ನಮ್ಮ ದೇಶದಲ್ಲಿ ಆಗ ಬಳಕೆಯಲ್ಲಿದ್ದದ್ದು ಜಿ.ಎಸ್.ಎಂ. ಪದ್ಧತಿ. ಅಲ್ಲಿನ ಪ್ಲಗ್ ಇಲ್ಲಿಯ ದೂರವಾಣಿಗೆ ಕೂಡುವಂತಿರಲಿಲ್ಲ, ಕೂಡಿದರೂ ಉತ್ತರಿಸುವ ಕೇಂದ್ರ ಇಲ್ಲಿರಲಿಲ್ಲ.

ವಿದೇಶದಿಂದ ಬಂದ ನೆಂಟರ ಪೆಟ್ಟಿಗೆಯ ಮೂಲಕವೋ, ಬೆಂಗಳೂರಿನ ಎಲೆಕ್ಟ್ರಾನಿಕ್ ಮಳಿಗೆಗಳ ಮೂಲಕವೋ ಇಂತಹ ಆಟಗಳು ನಮ್ಮ ಭಾಗದ ಮಕ್ಕಳ ಕೈ ಸೇರಿದಾಗ, ಪೆಟ್ಟಿಗೆಯ ಮೇಲಿನ ಚಿತ್ರಕ್ಕೂ ಒಳಗಿನ ಆಟಕ್ಕೂ ಅಂತರವಿದ್ದರೆ ಉತ್ತರಿಸಬೇಕಾದವನು ಕ್ಯೋಟೋದ ತಯಾರಕನಲ್ಲ, ಎದುರಿಗಿರುವ ಅಂಗಡಿಯವನು. ವ್ಯಾಪಾರಿ ಬಾಂಧವರು ಇದನ್ನು ಮರೆಯುವಂತಿಲ್ಲ.

ಸೇವೆಯ ಆಯುಷ್ಯ

ಸ್ವಂತ ನಾಡಿನಲ್ಲಿಯೂ ಈ ಸೇವೆ ಹೆಚ್ಚು ಕಾಲ ಬಾಳಲಿಲ್ಲ. 2002ರ ಡಿಸೆಂಬರ್ 14ರಂದು, ಎರಡು ವರ್ಷ ತುಂಬುವ ಮೊದಲೇ, ಅದನ್ನು ನಿಲ್ಲಿಸಲಾಯಿತು. 5,800 ಯೆನ್ ತೆತ್ತು ಕೊಂಡ ಅಡಾಪ್ಟರ್ ಅಂದಿನಿಂದ ಕರೆಗೆ ಉತ್ತರ ಬಾರದ ತಂತಿಯಾಯಿತು.

ನಿಂಟೆಂಡೋ ಈ ಅನುಭವದ ನಂತರ ಹಿಡಿದ ದಾರಿ ಬೇರೆ. ಮುಂದಿನ ಪೀಳಿಗೆಯ ‘ಡಿ.ಎಸ್.’ ಸಾಧನಕ್ಕೆ 2005ರ ನವೆಂಬರಿನಲ್ಲಿ ಆರಂಭಿಸಿದ ಸಂಪರ್ಕ ಸೇವೆಯು ವೈ-ಫೈ ಮೇಲೆ ನಿಂತಿತ್ತು. ವೈ-ಫೈ ಎಂಬುದು ಯಾವೊಂದು ದೇಶದ ಸ್ವತ್ತೂ ಅಲ್ಲದ, ಎಲ್ಲೆಡೆ ಒಪ್ಪಿತವಾದ ಮಾನಕ. ಆದಕಾರಣ ಜಪಾನಿನ ಮಗು ಅಮೆರಿಕದ ಮಗುವಿನೊಂದಿಗೆ ಆಡುವುದು ಸಾಧ್ಯವಾಯಿತು. ಆದರೂ ಆ ಸೇವೆಗೂ ಕೊನೆಯ ದಿನವಿತ್ತು: 2014ರ ಮೇ 20. ಅದರ ಮುಂದಿನ ‘3ಡಿ.ಎಸ್.’ ಸಾಧನದ ಆನ್‌ಲೈನ್ ಆಟಗಳು 2024ರ ಏಪ್ರಿಲ್‌ನಲ್ಲಿ ನಿಂತವು. ಸಾಮಾನ್ಯ ಮಾನಕವು ಸೇವೆಗೆ ಗಡಿ ದಾಟುವ ಶಕ್ತಿ ಕೊಡಬಲ್ಲದು, ಅಮರತ್ವವನ್ನಲ್ಲ.

ಇಷ್ಟಾದರೂ ‘ಕ್ರಿಸ್ಟಲ್’ ಆಟವು ಹೊರದೇಶಗಳಲ್ಲಿ ನಿರರ್ಥಕವಾಗಲಿಲ್ಲ. ಸೇವೆಯಿಲ್ಲದ ನಾಡಿಗೆ ಕಳುಹಿಸುವ ಮುನ್ನ ತಯಾರಕರು ಆಟವನ್ನು ತಿದ್ದಿದ್ದರು. ಸ್ಪರ್ಧೆಯ ಗೋಪುರವು ದೂರವಾಣಿಯಿಲ್ಲದೆಯೂ ನಡೆಯುವಂತೆ ಮಾಡಿದರು. ಜಪಾನಿನಲ್ಲಿ ಮೊಬೈಲ್ ಸೇವೆಯ ಮೂಲಕ ಪಡೆಯಬೇಕಾಗಿದ್ದ ವಿಶೇಷ ಮೊಟ್ಟೆಯೊಂದನ್ನು ಆಟದೊಳಗಿನ ವೃದ್ಧ ದಂಪತಿಗಳೇ ಕೊಡುವಂತೆ ಬದಲಿಸಿದರು. ಕೊನೆಗೆ 2018ರ ಜನವರಿಯಲ್ಲಿ ಇದೇ ಆಟವನ್ನು 3ಡಿ.ಎಸ್. ಸಾಧನಕ್ಕಾಗಿ ಮರುಬಿಡುಗಡೆ ಮಾಡಿದಾಗ, ಸೆಲೆಬಿಯ ಪ್ರಸಂಗವನ್ನು ಆಟದ ಕೊನೆ ಮುಟ್ಟಿದವರೆಲ್ಲರಿಗೂ ತೆರೆದುಕೊಟ್ಟರು. ಹೊರದೇಶದ ಗ್ರಾಹಕರಿಗೆ 2001ರಲ್ಲಿ ದೊರೆಯದೆ ಹೋದದ್ದು ಹದಿನೇಳನೆಯ ವರ್ಷದಲ್ಲಿ ದೊರೆತಂತಾಯಿತು.

ನಮ್ಮ ದೇಶದ ಒಂದು ಉದಾಹರಣೆ

ಅಂಗೈ ಸಾಧನದ ಸ್ಥಾನಕ್ಕೆ ಮೊಬೈಲ್ ದೂರವಾಣಿಯೇ ಬಂದ ನಂತರವೂ ಪ್ರಾದೇಶಿಕ ಭೇದ ಅಳಿಯಲಿಲ್ಲ. ‘ಪೋಕೆಮಾನ್ ಗೋ’ ಆಟ 2016ರ ಜುಲೈನಲ್ಲಿ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಲ್ಲಿ ಆರಂಭಗೊಂಡರೂ ಭಾರತಕ್ಕೆ ಅಧಿಕೃತವಾಗಿ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ರಿಲಯನ್ಸ್ ಜಿಯೋ ಸಂಸ್ಥೆಯ ಸಹಯೋಗದೊಂದಿಗೆ. ಆ ಒಪ್ಪಂದದಂತೆ ಸಂಸ್ಥೆಯ ಮಳಿಗೆಗಳು ಆಟದ ನಕ್ಷೆಯಲ್ಲಿ ನಿಲುಗಡೆಗಳಾಗಿಯೂ ಸ್ಪರ್ಧಾ ತಾಣಗಳಾಗಿಯೂ ಕಾಣಿಸಿಕೊಂಡವು. ದೂರದ ತಯಾರಕನಿಗೆ ಸ್ಥಳೀಯ ಪಾಲುದಾರನೊಬ್ಬ ದೊರೆತಾಗ ಸೇವೆಯ ಗಡಿ ಸರಿಯುವುದೂ, ಅದರ ಮೊದಲ ಲಾಭ ಆ ಪಾಲುದಾರನ ಅಂಗಡಿಗೆ ಸಲ್ಲುವುದೂ ಇಲ್ಲಿ ಸ್ಪಷ್ಟವಾಗುತ್ತದೆ.

ಚನ್ನಪಟ್ಟಣದ ದಾರಿ

ಈಗ ನಮ್ಮ ನೆಲಕ್ಕೆ ಹಿಂದಿರುಗೋಣ. ಹಾಲೆಮರದ ತುಂಡನ್ನು ಚರಕಿಯಲ್ಲಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದ ಕರಗಿದ ಅರಗನ್ನು ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಚನ್ನಪಟ್ಟಣದ ಕಲೆಗೂ ಜಪಾನಿಗೂ ಹಳೆಯ ನಂಟಿದೆ. ಬಾವಾಸ್ ಮಿಯಾ ಅವರು ಜಪಾನಿನ ತಂತ್ರವನ್ನು ಅಳವಡಿಸಿ ಇಲ್ಲಿಯ ಕುಶಲಕರ್ಮಿಗಳಿಗೆ ಕಲಿಸಿದರೆಂಬುದು ಪಟ್ಟಣದಲ್ಲಿ ಪರಂಪರೆಯಿಂದ ಹೇಳಿಕೊಂಡು ಬಂದ ಮಾತು. ತಂತ್ರವು ಹೊರಗಿನಿಂದ ಬಂದರೂ ಅದನ್ನು ನಡೆಸುವ ಕೈ ಇಲ್ಲಿಯದೇ ಆದುದರಿಂದ, ಕಲೆಯ ಬಾಳಿಕೆಗಾಗಿ ಹೊರಗಿನ ಯಾವ ಕೇಂದ್ರವನ್ನೂ ಅವಲಂಬಿಸಬೇಕಾಗಿ ಬರಲಿಲ್ಲ.

1999ರ ಭೌಗೋಳಿಕ ಸೂಚಕಗಳ ಕಾಯ್ದೆಯ ಅಡಿಯಲ್ಲಿ ‘ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳು’ ನೋಂದಣಿ ಪಡೆದಿವೆ. ಇದೂ ಒಂದು ಪ್ರಾದೇಶಿಕ ವಿಶೇಷಾಧಿಕಾರವೇ. ಆದರೆ ಮೊಬೈಲ್ ಅಡಾಪ್ಟರಿನದಕ್ಕೆ ತದ್ವಿರುದ್ಧವಾದದ್ದು. ಅಲ್ಲಿ ಬಳಕೆ ಒಂದು ದೇಶಕ್ಕೆ ಸೀಮಿತವಾಗಿತ್ತು. ಇಲ್ಲಿ ತಯಾರಿಕೆಯ ಹೆಸರು ಒಂದು ಊರಿಗೆ ಸೀಮಿತ, ಬಳಕೆಗೆ ಎಲ್ಲೆಯಿಲ್ಲ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಾಗ, ಕರಕುಶಲ ವಸ್ತುಗಳ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ಸರಕುಗಳಿಗೂ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಸರಕುಗಳಿಗೂ ವಿನಾಯಿತಿ ನೀಡಲಾಯಿತು. ಊರಿನ ಹೆಸರು ತಂದುಕೊಟ್ಟ ಈ ಅನುಕೂಲವನ್ನು ಹಗುರವಾಗಿ ಕಾಣಬಾರದು.

ಸದಸ್ಯರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಆಟಿಕೆಗೆ ಆನ್‌ಲೈನ್ ಸೌಲಭ್ಯ ಸೇರಿಸುವುದು ತಪ್ಪೆಂದು ಈ ಲೇಖನದ ಅಭಿಪ್ರಾಯವಲ್ಲ. ಗೊಂಬೆಯೊಂದಿಗೆ ಕಥೆ ಕೇಳಿಸಿದರೆ ಮಾರಾಟ ಹೆಚ್ಚಬಹುದು. ಆದರೆ ಹಣ ಹೂಡುವ ಮುನ್ನ ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು.

ಮೊದಲನೆಯದಾಗಿ, ಸೇವೆ ಎಲ್ಲೆಲ್ಲಿ ನಡೆಯುತ್ತದೆ? ಆಮದು ಮಾಡಿದ ಆಟಿಕೆಯ ಪೆಟ್ಟಿಗೆಯ ಮೇಲೆ ವರ್ಣಿಸಿದ ಸೌಲಭ್ಯ ಭಾರತದಲ್ಲಿ ಲಭ್ಯವಿದೆಯೇ ಎಂಬುದನ್ನು ಸಗಟು ವ್ಯಾಪಾರಿಯು ಸರಬರಾಜುದಾರನಿಂದ ಲಿಖಿತವಾಗಿ ಪಡೆಯಬೇಕು. ಅಂಗಡಿಯಲ್ಲಿ ಒಂದು ಪೆಟ್ಟಿಗೆ ತೆರೆದು ಪರೀಕ್ಷಿಸುವುದು ಇನ್ನೂ ಒಳ್ಳೆಯದು.

ಎರಡನೆಯದಾಗಿ, ಎಲ್ಲಿಯವರೆಗೆ ನಡೆಯುತ್ತದೆ, ಅದರ ವೆಚ್ಚ ಯಾರದು? ಕ್ಯೂ.ಆರ್. ಸಂಕೇತವೆಂದರೆ ಸಾಮಾನ್ಯವಾಗಿ ಒಂದು ಅಂತರಜಾಲ ವಿಳಾಸದ ಮುದ್ರಿತ ರೂಪ. ಆ ವಿಳಾಸಕ್ಕೆ ಕಾಲಕಾಲಕ್ಕೆ ನವೀಕರಣ ಶುಲ್ಕವಿದೆ. ಅದನ್ನು ಕಟ್ಟಲು ಮರೆತರೆ ಮಾರಾಟವಾದ ಸಾವಿರಾರು ಪೆಟ್ಟಿಗೆಗಳ ಮೇಲಿನ ಸಂಕೇತ ಒಮ್ಮೆಲೇ ನಿಷ್ಪ್ರಯೋಜಕವಾಗುತ್ತದೆ. ಅಷ್ಟೇ ಅಲ್ಲ, ತೆರವಾದ ವಿಳಾಸವನ್ನು ಅಪರಿಚಿತರು ಕೊಂಡುಕೊಂಡರೆ, ನಮ್ಮ ಗೊಂಬೆ ಹಿಡಿದ ಮಗುವಿಗೆ ಅವರು ತೋರಿಸುವುದೇ ಕಾಣುತ್ತದೆ. ವಿಳಾಸವು ವಿನ್ಯಾಸಕಾರನ ಹೆಸರಿನಲ್ಲಿರದೆ ತಯಾರಕನ ಹೆಸರಿನಲ್ಲಿಯೇ ಇರಬೇಕು. ಸರಕಿನ ಬೆಲೆ ನಿಗದಿಪಡಿಸುವಾಗ ಕನಿಷ್ಠ ಕೆಲವು ವರ್ಷಗಳ ಈ ವೆಚ್ಚವನ್ನೂ ಸೇರಿಸಬೇಕು.

ಮೂರನೆಯದಾಗಿ, ಸೇವೆ ನಿಂತ ಮೇಲೆ ಉಳಿಯುವುದೇನು? ಸಂಪರ್ಕ ಕೇಂದ್ರವನ್ನು ತೆಗೆದರೂ ‘ಕ್ರಿಸ್ಟಲ್’ ಪೂರ್ಣ ಆಟವಾಗಿಯೇ ಉಳಿಯಿತು, ಅಡಾಪ್ಟರ್ ಮಾತ್ರ ಕಸವಾಯಿತು. ನಮ್ಮ ಸರಕು ಇವೆರಡರಲ್ಲಿ ಯಾವುದನ್ನು ಹೋಲುತ್ತದೆ ಎಂಬುದನ್ನು ವಿನ್ಯಾಸದ ಹಂತದಲ್ಲಿಯೇ ತೀರ್ಮಾನಿಸಬೇಕು.

ಇವುಗಳೊಂದಿಗೆ ಕಾನೂನಿನ ಅಂಶವೂ ಇದೆ. ವಿದ್ಯುತ್ ಬಳಸುವ ಆಟಿಕೆಗಳಿಗೆ ಪ್ರತ್ಯೇಕ ಭಾರತೀಯ ಮಾನಕವಿದೆ. ಮರದ ಗೊಂಬೆಗೆ ದೊರೆತ ವಿನಾಯಿತಿ, ಅದರೊಳಗೆ ಬ್ಯಾಟರಿ ಇಟ್ಟ ನಂತರವೂ ಅನ್ವಯಿಸುವುದೆಂದು ತಾವೇ ಊಹಿಸಿಕೊಳ್ಳದೆ ಭಾರತೀಯ ಮಾನಕ ಬ್ಯೂರೋದಿಂದ ಮೊದಲೇ ಸ್ಪಷ್ಟನೆ ಪಡೆಯುವುದು ಕ್ಷೇಮ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕನಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಇಲ್ಲದ ಸೌಲಭ್ಯವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವ ಮೊದಲು ಈ ಮೊತ್ತ ನೆನಪಿನಲ್ಲಿರಲಿ.

ಕ್ಯೋಟೋದ ಬೃಹತ್ ಸಂಸ್ಥೆಯು ಎರಡು ವರ್ಷದೊಳಗೆ ಮುಚ್ಚಿದ ಸೇವೆಯ ನಷ್ಟವನ್ನು ತಾಳಿಕೊಂಡು ಮುಂದೆ ಸಾಗಿತು. ನಾಲ್ಕು ಚರಕಿಗಳ ಕಾರ್ಖಾನೆಗೆ ಅಂತಹ ಒಂದು ತಪ್ಪು ಹೆಜ್ಜೆಯೇ ಭಾರವಾಗಬಹುದು. ಆದುದರಿಂದ ಹೊಸ ಸೌಲಭ್ಯವನ್ನು ಸೇರಿಸುವ ಸದಸ್ಯರು ಮೊದಲ ಸರಕನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಸಂಪರ್ಕವನ್ನು ಕಡಿದು ಒಂದು ಮಗುವಿನ ಕೈಗೆ ಕೊಟ್ಟು ನೋಡಲಿ. ಮಗು ಆಟ ಮುಂದುವರಿಸಿದರೆ ಆ ಸರಕನ್ನು ಧೈರ್ಯವಾಗಿ ಮಾರುಕಟ್ಟೆಗೆ ಕಳುಹಿಸಬಹುದು.