ಹೊಲದ ಮನೆಗೆ ಹೊರ ಅಡುಗೆಮನೆ: ಪರ್ದಾ ಇರಲಿ, ಹೊಗೆ ಬೇಡ

ಕಮಲಾಪುರ ರಸ್ತೆಯ ಆಚೀಚೆ ಹೊಲ ಇರುವ ನಮ್ಮ ಹಲವು ಕುಟುಂಬಗಳು ಹೊಲದಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡಿವೆ. ತೊಗರಿ ರಾಶಿಯ ಕಾಲಕ್ಕೆ, ಮಕ್ಕಳ ರಜೆಗೆ, ಅಖೀಖಾ ವಲೀಮಾಗಳಿಗೆ ಅಲ್ಲೇ ಅಡುಗೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಮನೆಯೊಳಗೆ ಒಲೆ ಹಚ್ಚುವುದು ಶಿಕ್ಷೆಯೇ ಸರಿ. ಹಾಗಾಗಿ ಹೊರಗೊಂದು ಅಡುಗೆಮನೆ ಬೇಕು ಎನ್ನುವುದು ಒಳ್ಳೆಯ ಯೋಚನೆ. ತೊಂದರೆ ಎಲ್ಲಿ ಎಂದರೆ, ಅದರ ಮಾತುಕತೆ ಯಜಮಾನ ಮತ್ತು ಗೌಂಡಿ ಇಬ್ಬರಲ್ಲೇ ಮುಗಿಯುತ್ತದೆ. ಒಲೆ ಮುಂದೆ ಕೂರುವವರನ್ನು ಯಾರೂ ಕೇಳುವುದಿಲ್ಲ.

ನನ್ನ ದವಾಖಾನೆಗೆ ವರ್ಷಗಟ್ಟಲೆ ಕೆಮ್ಮು, ನಜ್ಲಾ, ಕಣ್ಣುರಿ ಎಂದು ಬರುವ ಹೆಣ್ಣುಮಕ್ಕಳಲ್ಲಿ ಕೆಲವರು, "ನಾವು ಹೊರಗೇ ಅಡುಗೆ ಮಾಡ್ತೀವಿ ಹಕೀಂ ಸಾಬ್, ಹೊಗೆ ಎಲ್ಲಿಂದ ಬರ್ತದ?" ಎನ್ನುತ್ತಾರೆ. ಬಿಡಿಸಿ ಕೇಳಿದರೆ ತಿಳಿಯುತ್ತದೆ: ದಾರಿಯಲ್ಲಿ ಹೋಗುವವರಿಗೆ ಕಾಣಬಾರದೆಂದು ನಾಲ್ಕೂ ಕಡೆ ಸೂರಿನವರೆಗೆ ಗೋಡೆ, ಮೇಲೆ ತಗಡು, ಒಂದೇ ಬಾಗಿಲು. ಅದು ಹೊರ ಅಡುಗೆಮನೆಯಲ್ಲ, ಅಂಗಳದಲ್ಲಿ ಕಟ್ಟಿದ ಹೊಗೆಗೂಡು. ಜೇಷ್ಠಮಧು, ಉನ್ನಾಬ್, ಸಪಿಸ್ತಾನ್ ಹಾಕಿದ ಜೋಶಾಂದಾ ನಾನು ಕೊಡುತ್ತೇನೆ, ಗಂಟಲಿಗೆ ಹಿತವಾಗುತ್ತದೆ. ಆದರೆ ಸಂಜೆ ಮತ್ತದೇ ಹೊಗೆಯಲ್ಲಿ ಕುಳಿತರೆ ಯಾವ ಜೋಶಾಂದಾ ಏನು ಮಾಡೀತು?

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಅಸ್ಬಾಬ್-ಎ-ಸಿತ್ತಾ ಜರೂರಿಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಗಾಳಿ. ಅನ್ನ ನೀರು ಅದರ ನಂತರ. ಇಂದಿನ ವಿಜ್ಞಾನವೂ ಇದನ್ನೇ ಹೇಳುತ್ತಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದಮಾ, ಮಕ್ಕಳ ನ್ಯುಮೋನಿಯಾ, ಕಣ್ಣಿನ ಪೊರೆ, ಹೃದಯದ ಕಾಯಿಲೆ ಎಲ್ಲಕ್ಕೂ ಅದರ ನಂಟಿದೆ.

ಪರ್ದಾ ಬಿಡಿ ಎಂದು ನಾನು ಹೇಳುತ್ತಿಲ್ಲ. ಗೋಡೆಯನ್ನು 5 ಅಡಿಗೆ ನಿಲ್ಲಿಸಿ, ಅದರ ಮೇಲೆ ಸೂರಿನವರೆಗೆ ಎಲ್ಲ ಕಡೆಯೂ 3 ಅಡಿಯಷ್ಟಾದರೂ ತೆರವು ಬಿಡಿ. ಕೂತು ರೊಟ್ಟಿ ಬಡಿಯುವವರು ಹೊರಗೆ ಕಾಣುವುದಿಲ್ಲ, ಮೇಲೇರಿದ ಹೊಗೆ ಹೊರಗೆ ಹೋಗುತ್ತದೆ. ಇನ್ನೂ ಮರೆ ಬೇಕಿದ್ದರೆ ಆ ತೆರವಿಗೆ ಜಾಲಿ ಇಟ್ಟಿಗೆ ಕೂರಿಸಿ. ಕೆಳಗಿನಿಂದಲೂ ಗಾಳಿ ಒಳಬರಬೇಕು. ಅದಕ್ಕೆ ಎದುರುಬದುರು ಎರಡು ಗೋಡೆಗಳಲ್ಲಿ ನೆಲದಿಂದ ಒಂದು ಅಡಿ ಮೇಲೆ ಜಾಲಿ ಸಾಲು ಇರಲಿ. ಅಲ್ಲಿಂದ ಒಳಗೆ ಇಣುಕುವವರು ಯಾರೂ ಇಲ್ಲ, ಬೆಕ್ಕು ಬಿಟ್ಟರೆ.

ಜಾಗ ಯಾವುದು? ನಮ್ಮಲ್ಲಿ ಮಳೆಗಾಲದ ಬಿರುಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ; ಚಳಿಗಾಲದ್ದು ಪೂರ್ವ, ಈಶಾನ್ಯದಿಂದ. ಮನೆಯಿಂದ ತುಸು ದೂರ, ಆಗ್ನೇಯ ಮೂಲೆಯಲ್ಲಿ ಒಲೆ ಇದ್ದರೆ ಎರಡೂ ಕಾಲದಲ್ಲಿ ಹೊಗೆ ಮನೆಯ ಪಕ್ಕದಿಂದ ಹಾದುಹೋಗುತ್ತದೆ. ನೆರೆಯವರು ವಾಸ್ತು ಎನ್ನಬಹುದು, ನಮಗೆ ಇದು ಗಾಳಿಯ ಲೆಕ್ಕ. ಅಡಿಪಾಯ ತೋಡುವ ಮುನ್ನ ಮೂರು ಕಲ್ಲಿಟ್ಟು ಅಲ್ಲೇ ಒಂದು ದಿನ ಅಡುಗೆ ಮಾಡಿ ನೋಡಿ. ಹೊಗೆ ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೇ ಕಾಣುತ್ತದೆ. ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಆದ್ದರಿಂದ ಅಡಿಪಾಯ ಗಟ್ಟಿ ಮೊರಂವರೆಗೆ ಇಳಿಯಲಿ.

ನೆಲಕ್ಕೆ ನಮ್ಮ ಶಹಾಬಾದ್ ಫರ್ಸಿ ಚೆನ್ನ. ತಂಪಾಗಿರುತ್ತದೆ, ತೊಳೆಯಲು ಸುಲಭ. ಆದರೆ ಅದು ಸುಣ್ಣದ ಕಲ್ಲು. ನೇರ ಬೆಂಕಿಗೆ ಸೀಳುತ್ತದೆ, ಹುಣಸೆ ನಿಂಬೆ ಬಿದ್ದರೆ ಕಲೆಯಾಗುತ್ತದೆ. ಒಲೆಯ ಸುತ್ತ ಮಣ್ಣು, ಇಟ್ಟಿಗೆಯನ್ನೇ ಹಾಕಿಸಿ. ಫರ್ಸಿಯನ್ನು ಆಸಿಡ್‌ನಿಂದ ತೊಳೆಯಬೇಡಿ.

ಒಲೆ ಕಟ್ಟಿಸುವುದಾದರೆ ಚಿಮಣಿ ಇರುವ ಒಲೆಯನ್ನೇ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ನಮ್ಮ ರಾಜ್ಯದ್ದೇ. ಒಂದೇ ಬೆಂಕಿಗೆ ಮೂರು ಪಾತ್ರೆ ಕೂರುತ್ತವೆ, ಕೆಳಗೆ ಜಾಲರಿ ಇರುವುದರಿಂದ ಕಟ್ಟಿಗೆ ಪೂರ್ತಿ ಉರಿಯುತ್ತದೆ. ಚಿಮಣಿ ಸೂರಿಗಿಂತ 2 ಅಡಿ ಮೇಲಿರಲಿ, ತಿಂಗಳಿಗೊಮ್ಮೆ ಮಸಿ ತೆಗೆಯಿರಿ. ಮಸಿ ಕಟ್ಟಿದ ಚಿಮಣಿ ಹೊಗೆಯನ್ನು ಮುಖಕ್ಕೇ ತಿರುಗಿಸುತ್ತದೆ. ತೊಗರಿ ಕಟ್ಟಿಗೆ ಚೆನ್ನಾಗಿ ಒಣಗಿರಲಿ. ಅದನ್ನು ನೆಲದಿಂದ ಒಂದು ಅಡಿ ಎತ್ತರದ ಹಲಗೆಯ ಮೇಲೆ, ಒಲೆಯಿಂದ ದೂರ ಇಡಿ. ನೆಲಕ್ಕೆ ಒಟ್ಟಿದ ಕಟ್ಟಿಗೆ ಚೇಳು, ಹಾವುಗಳಿಗೆ ಮನೆ. ಪ್ಲಾಸ್ಟಿಕ್ ಚೀಲದಿಂದ ಬೆಂಕಿ ಹೊತ್ತಿಸುವ ಅಭ್ಯಾಸವಂತೂ ಇಂದೇ ನಿಲ್ಲಲಿ. ಸೂರಿಗೆ ಜೋಳದ ಕಣಿಕೆ ಬೇಡ, ಒಂದು ಕಿಡಿ ಸಾಕು. ಗ್ಯಾಸ್ ಒಲೆಯೂ ಇದ್ದರೆ ಸಿಲಿಂಡರನ್ನು ಕಟ್ಟಿಗೆ ಒಲೆಯ ಬಳಿ, ತಗ್ಗಿನಲ್ಲಿ ಇಡಬೇಡಿ. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲೇ ನಿಲ್ಲುತ್ತದೆ.

ಪಾತ್ರೆ ತೊಳೆದ ನೀರು ಬಾಳೆ ಗಿಡಗಳಿಗೆ ಹೋಗಲಿ. ಕೆಂಪು ಬಾಳೆಯ ಊರಾದ ಕಮಲಾಪುರದವರಿಗೆ ಬಾಳೆ ಹಾಕುವುದನ್ನು ನಾನೇನು ಹೇಳಿಕೊಡಲಿ? ನೀರು ಮಾತ್ರ ಒಂದೆಡೆ ನಿಲ್ಲಬಾರದು. ಬಕ್ರೀದ್‌ನಲ್ಲಿ ಜಬಹ್ ಮಾಡುವ ಜಾಗ ಅಡುಗೆ ಕಟ್ಟೆಯಿಂದ ದೂರ, ಇಳಿಜಾರಿನ ಕೆಳಗಡೆ ಇರಲಿ. ಕರುಳು ರಕ್ತವನ್ನು ಆಳದ ಗುಂಡಿಯಲ್ಲಿ ಮುಚ್ಚಿ, ಬೋರ್‌ವೆಲ್‌ನ ಹತ್ತಿರವಂತೂ ಬೇಡ. ಪಾತ್ರೆಗಳನ್ನು ಮುಚ್ಚಿಡಿ, ಮಲಗುವಾಗ ಬೆಂಕಿ ಉರಿಯಬಿಡಬೇಡಿ ಎಂಬುದು ಪ್ರವಾದಿ(ಸ)ಯವರ ಬೋಧನೆ. ಬೂದಿಯೊಳಗಿನ ಕೆಂಡಕ್ಕೂ ನೀರು ಚಿಮುಕಿಸಿಯೇ ಮಲಗಿ.

ಒಲೆಯ ಮುಂದೆ ನೈಲಾನ್ ದುಪಟ್ಟಾ ಬೇಡ, ಹತ್ತಿಯದ್ದನ್ನು ಬಿಗಿದು ಕಟ್ಟಿಕೊಳ್ಳಿ. ಮಕ್ಕಳು ದಾಟಿ ಬಾರದಂತೆ ಒಲೆಯ ಸುತ್ತ ಎರಡು ಅಡಿ ಎತ್ತರದ ಕಟ್ಟೆ ಇರಲಿ. ಹಾಗಿದ್ದೂ ಸುಟ್ಟರೆ ಟೂತ್‌ಪೇಸ್ಟ್, ಇಂಕು, ಹಿಟ್ಟು ಏನನ್ನೂ ಹಚ್ಚದೆ 20 ನಿಮಿಷ ಸಾದಾ ತಣ್ಣೀರು ಸುರಿಯುತ್ತಿರಿ. ಮಂಜುಗಡ್ಡೆ ಬೇಡ. ಆಮೇಲೆ ಸ್ವಚ್ಛ ಬಟ್ಟೆ ಸಡಿಲವಾಗಿ ಹೊದಿಸಿ. ಸುಟ್ಟದ್ದು ಮುಖ, ಕೈ ಅಥವಾ ಕೀಲಿನ ಮೇಲಿದ್ದರೆ, ರೋಗಿಯ ಅಂಗೈಗಿಂತ ದೊಡ್ಡದಿದ್ದರೆ, ಚಿಕ್ಕ ಮಗುವಾಗಿದ್ದರೆ ನನ್ನ ಬಳಿಗಲ್ಲ, ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.